ಹವಳದ ತೊಟ್ಟಿಗೆ ಕರೆಯದೆ ಬಂದವರು

ತಿಥಿ ನೋಡದೆ, ಹೇಳಿ ಕಳುಹಿಸದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಬಂದವನು ಸಜ್ಜನನೋ ದುರ್ಜನನೋ ಎಂಬುದು ಜಗಲಿಯಲ್ಲಿ ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು, ನಾಲ್ಕು ಮಾತನಾಡಿದ ಬಳಿಕವಷ್ಟೇ ತಿಳಿಯುವ ಸಂಗತಿ. ಗಾಜಿನ ತೊಟ್ಟಿಯಲ್ಲಿ ಕಡಲಿನ ತುಣುಕೊಂದನ್ನು ಮನೆಯೊಳಗೇ ಸಾಕುವ ಹವ್ಯಾಸಿಗಳಿಗೂ ಇಂತಹ ಅತಿಥಿಗಳು ತಪ್ಪಿದವರಲ್ಲ. ಹಣ ಕೊಟ್ಟು ತಂದುದು ಒಂದು ಕಲ್ಲು, ಒಂದು ಹವಳ. ಅದರ ಸಂದುಗೊಂದುಗಳಲ್ಲಿ ಅಡಗಿ ಬಂದವರು ಹಲವರು. ವಾರವೋ ತಿಂಗಳೋ ಕಳೆದು, ರಾತ್ರಿ ದೀಪ ಆರಿಸಿದ ಮೇಲೆ ಅವರು ಒಬ್ಬೊಬ್ಬರಾಗಿ ಹೊರಗೆ ಮುಖ ತೋರಿಸುತ್ತಾರೆ.

ಸಿಹಿನೀರಿನ ಬಣ್ಣದ ಮೀನುಗಳನ್ನು ಸಾಕುವ ತೊಟ್ಟಿ ನಮ್ಮ ಕಾಸರಗೋಡು ಪ್ರಾಂತದ ಮನೆಗಳಿಗೆ ಅಪರಿಚಿತವಲ್ಲ. ಹವಳದ ತೊಟ್ಟಿಯ ಮಾತು ಬೇರೆ. ಅಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಬೇಕು. ಅದರ ಉಷ್ಣತೆ 25-26 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರಬೇಕು. ಸೂರ್ಯನ ಬೆಳಕಿಗೆ ಸಾಟಿಯಾದ ದೀಪ ಬೇಕು, ಅಲೆಯಂತೆ ನೀರನ್ನು ಸದಾ ಅಲುಗಿಸುವ ಪಂಪು ಬೇಕು. ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ಇದು ಬಹುಜನರ ಹವ್ಯಾಸ. ಉದ್ಯೋಗಕ್ಕಾಗಿ ಕೊಲ್ಲಿ ನಾಡುಗಳಿಗೂ ಅಮೆರಿಕಕ್ಕೂ ಹೋಗಿ ನೆಲಸಿದ ನಮ್ಮವರಲ್ಲಿಯೂ ಕೆಲವರಿಗೆ ಇದು ಹಿಡಿಸಿದೆ. ಊರಿನ ಕಡಲನ್ನು ಬಿಟ್ಟು ಹೋದವರು ಹಜಾರದಲ್ಲೊಂದು ಕಡಲನ್ನು ಕಟ್ಟಿಕೊಂಡರೆ ಆಶ್ಚರ್ಯಪಡಬೇಕಾದುದಿಲ್ಲ.

ಈ ತೊಟ್ಟಿಯ ಜೀವಾಳ ಮೀನೂ ಅಲ್ಲ, ಹವಳವೂ ಅಲ್ಲ, ಕಲ್ಲು. ಹವಳದ ಜೀವಿಗಳು ಸತ್ತ ಬಳಿಕ ಉಳಿಯುವ ಸುಣ್ಣದ ಗೂಡು ಸಮುದ್ರದಲ್ಲಿ ಬಹುಕಾಲ ಬಿದ್ದು, ಅದರ ತೂತು ತೂತುಗಳಲ್ಲಿ ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಹುಳುಗಳು ಮನೆಮಾಡಿಕೊಂಡಾಗ ಅದನ್ನು ಹವ್ಯಾಸಿಗಳು 'ಲೈವ್ ರಾಕ್' ಎನ್ನುತ್ತಾರೆ. ಜೀವಶಿಲೆ ಎಂದು ನಾವು ಕರೆಯೋಣ. ಮೀನಿನ ಮಲಮೂತ್ರ, ತಿಂದುಳಿದ ಆಹಾರ ಕೊಳೆತು ಉಂಟಾಗುವ ಅಮೋನಿಯ ಘೋರ ವಿಷ. ಕಲ್ಲಿನ ಮೇಲ್ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಪ್ರಾಣವಾಯು ತಲಪದ ಕಲ್ಲಿನ ಒಳಗೂಡಿನಲ್ಲಿರುವ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನೂ ಒಡೆದು ನೈಟ್ರೋಜನ್ ಅನಿಲವನ್ನಾಗಿ ಬಿಟ್ಟುಬಿಡುತ್ತವೆ. ಯಂತ್ರದ ಶೋಧಕವಿಲ್ಲದೆ ಹೀಗೆ ಕಲ್ಲಿನಿಂದಲೇ ನೀರನ್ನು ಶುದ್ಧವಾಗಿಡಬಹುದು ಎಂದು ಇಂಡೊನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದು ತಿಳಿಸಿದರು. ಬರ್ಲಿನ್ನಿನ ಹವ್ಯಾಸಿಗಳು ಮುಂದೆ ಅದೇ ದಾರಿಯನ್ನು ಹಿಡಿದು ಬೆಳೆಸಿದರು. ಕಲ್ಲು ಜೀವಂತವಾಗಿದ್ದಷ್ಟೂ ತೊಟ್ಟಿಗೆ ಲಾಭ. ಆದರೆ ಜೀವಂತ ಕಲ್ಲನ್ನು ತಂದವನು ಅದರೊಳಗಿನ ಜೀವಗಳಲ್ಲಿ ಬೇಕಾದುದನ್ನು ಮಾತ್ರ ಆರಿಸಿ ತರುವಂತಿಲ್ಲ. ಭತ್ತದೊಂದಿಗೆ ಹುಲ್ಲಿನ ಬೀಜವೂ ಗದ್ದೆಗೆ ಬೀಳುವಂತೆ ಎಲ್ಲವೂ ಒಟ್ಟಿಗೇ ಬರುತ್ತವೆ.

ಇಂತಹ ತೊಟ್ಟಿಯೊಂದನ್ನು ಇಟ್ಟುಕೊಂಡು ಕೊಲ್ಲಿ ನಾಡಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಒಂದು ಸಂಜೆ ದೂರವಾಣಿಯಲ್ಲಿ ಮಾತನಾಡಿದಳು. "ಮಾಷ್ಟ್ರೇ, ಹೊಸತಾಗಿ ತಂದ ಕಲ್ಲಿನಲ್ಲಿ ಕಂದು ಬಣ್ಣದ ಗುಂಡಿಗಳ ಹಾಗೆ ಏನೋ ಹಬ್ಬುತ್ತಾ ಇದೆ. ಕಲ್ಲನ್ನು ಹೊರಗೆ ತೆಗೆದು ಕುದಿಯುವ ನೀರಿನಲ್ಲಿ ಅದ್ದಿಬಿಟ್ಟರೆ ಆಗದೋ?" ಎಂದು ಅವಳ ಪ್ರಶ್ನೆ. ತಿಗಣೆಗೆ, ಕಟ್ಟಿರುವೆಗೆ ಬಿಸಿನೀರು ಹೊಯ್ದು ರೂಢಿಯಾದ ಗೃಹಿಣಿಗೆ ಮೊದಲು ಹೊಳೆಯುವ ಉಪಾಯ ಅದೇ. "ಬೇಡ ಮಗಾ, ಒಲೆ ಆರಿಸು. ಬರಿಗೈಯಲ್ಲಿ ಮುಟ್ಟಲೂ ಬೇಡ. ಮೊದಲು ಒಂದು ಚಿತ್ರ ತೆಗೆದು ಕಳುಹಿಸು" ಎಂದೆವು. ನಾವು ಇಂತಹ ತೊಟ್ಟಿಯನ್ನು ಸಾಕಿದವರಲ್ಲ. ಓದಿ ತಿಳಿದವರು ಮಾತ್ರ. ಆದರೆ ಓದಿದುದರಲ್ಲಿ ಎಲ್ಲಕ್ಕಿಂತ ಆಳವಾಗಿ ಮನಸ್ಸಿನಲ್ಲಿ ನಿಂತುದು ಇದೇ ವಿಷಯವಾಗಿತ್ತು.

ಅವಳು ಕಳುಹಿಸಿದ ಚಿತ್ರದಲ್ಲಿದ್ದುದು ಪಾಲಿಥೋವ ಜಾತಿಯದಾಗಿ ಕಾಣುವ ಜೀವಿ. ನೋಡಲು ಚಂದ: ಗುಂಪುಗುಂಪಾಗಿ ಅಂಟಿಕೊಂಡ ಬಟ್ಟಲುಗಳು, ಅಂಚಿನಲ್ಲಿ ಗಿಡ್ಡ ಕುಚ್ಚು. ಹವಾಯಿ ದ್ವೀಪಸಮೂಹದ ಮಾವಿ ಎಂಬಲ್ಲಿ ಹಾನಾ ಎಂಬ ಊರಿದೆ. ಅದರ ಬಳಿಯ ಬಂಡೆಗುಳಿಯೊಂದರಲ್ಲಿ ಬೆಳೆಯುವ ಇದೇ ಕುಲದ ಜೀವಿಯನ್ನು ಹಿಂದಿನವರು ಈಟಿಯ ಮೊನೆಗೆ ಸವರುತ್ತಿದ್ದರೆಂದೂ, ಆ ಗುಳಿಯ ಬಳಿಗೆ ಹೋಗುವುದು ನಿಷಿದ್ಧವಾಗಿತ್ತೆಂದೂ ಐತಿಹ್ಯ. ಹವಾಯಿ ವಿಶ್ವವಿದ್ಯಾಲಯದ ಮೂರ್ ಮತ್ತು ಶ್ಯೂಯರ್ ಎಂಬ ವಿಜ್ಞಾನಿಗಳು 1971ರಲ್ಲಿ ಅದರಿಂದ ವಿಷವನ್ನು ಬೇರ್ಪಡಿಸಿದ ವರದಿಯನ್ನು ಪ್ರಕಟಿಸಿ ಅದಕ್ಕೆ ಪಾಲಿಟಾಕ್ಸಿನ್ ಎಂದು ಹೆಸರಿಟ್ಟರು. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಪೊರೆಯಲ್ಲಿಯೂ ಸೋಡಿಯಂ ಅನ್ನು ಹೊರಕ್ಕೆ, ಪೊಟ್ಯಾಸಿಯಂ ಅನ್ನು ಒಳಕ್ಕೆ ಸಾಗಿಸುವ ಪುಟ್ಟ ಪಂಪುಗಳಿವೆ. ಈ ವಿಷ ಅಂತಹ ಪಂಪನ್ನು ಹಿಡಿದು ತೆರೆದ ಬಾಗಿಲನ್ನಾಗಿ ಮಾಡಿಬಿಡುತ್ತದೆ. ಒಳಗಿನದು ಹೊರಕ್ಕೂ ಹೊರಗಿನದು ಒಳಕ್ಕೂ ಲಂಗುಲಗಾಮಿಲ್ಲದೆ ಹರಿಯುತ್ತದೆ. ಕುದಿಸಿದರೆ ಅದು ನಾಶವಾಗದು. ಬದಲಾಗಿ ಹಬೆಯೊಂದಿಗೆ ಸೂಕ್ಷ್ಮ ಹನಿಗಳಾಗಿ ಗಾಳಿಗೆ ಸೇರಿ, ಕೋಣೆಯಲ್ಲಿದ್ದವರೆಲ್ಲರ ಶ್ವಾಸಕೋಶವನ್ನು ಹೊಗುತ್ತದೆ. ಕೆಮ್ಮು, ಚಳಿಜ್ವರ, ಎದೆ ಬಿಗಿತ, ಬಾಯಿಯಲ್ಲಿ ಲೋಹದ ರುಚಿ, ಕಣ್ಣುರಿ ಮೊದಲ ಲಕ್ಷಣಗಳು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಪ್ರಾಂತದ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ 2018ರಲ್ಲಿ ತೊಟ್ಟಿಯ ಹವಳವನ್ನು ಶುಚಿಮಾಡಲು ಹೋಗಿ ಮನೆಮಂದಿಯೂ, ನೆರವಿಗೆ ಬಂದ ಅಗ್ನಿಶಾಮಕ ದಳದವರೂ ಆಸ್ಪತ್ರೆ ಸೇರಬೇಕಾಯಿತು.

ಈ ಕುಲದ ಎಲ್ಲವೂ ಒಂದೇ ಪ್ರಮಾಣದಲ್ಲಿ ವಿಷಕಾರಿಗಳಲ್ಲ. ಕೆಲವದರಲ್ಲಿ ವಿಷ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಣ್ಣಿನಿಂದ ನೋಡಿ ಬೇರ್ಪಡಿಸಲಾಗದಾದುದರಿಂದ ಎಲ್ಲವನ್ನೂ ವಿಷವೆಂದೇ ಎಣಿಸತಕ್ಕದ್ದು. ಕಲ್ಲನ್ನು ಕುದಿಸಬಾರದು, ಒಣಗಲು ಬಿಡಬಾರದು, ಬ್ರಷ್ಷಿನಿಂದ ಉಜ್ಜಬಾರದು. ಕೈಗೆ ದಪ್ಪ ಗವುಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಕೈಯಲ್ಲಿ ಗಾಯವಿದ್ದವರು, ಮಕ್ಕಳು ಹತ್ತಿರ ಸುಳಿಯಬಾರದು. ತೆಗೆಯಲೇಬೇಕಾದರೆ ಜೀವಿಯನ್ನು ಕೆರೆಯುವ ಬದಲು ಕಲ್ಲನ್ನೇ ಇಡಿಯಾಗಿ ತೆಗೆದು, ಮನೆಯ ಹೊರಗೆ ಬಯಲಿನಲ್ಲಿ, ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ಬ್ಲೀಚ್ ದ್ರಾವಣ ಬೆರೆಸಿದ ಬಕೆಟಿನಲ್ಲಿ ಮುಳುಗಿಸಿಡುವುದು ಬಲ್ಲವರ ಕ್ರಮ. ಬ್ಲೀಚು ಆ ವಿಷವನ್ನು ಕೆಡಿಸುತ್ತದೆ. ನಮ್ಮ ವಿದ್ಯಾರ್ಥಿನಿ ಹಾಗೆಯೇ ಮಾಡಿದಳು. ಕಲ್ಲಿನ ಬೆಲೆ ಹೋಯಿತೆಂದು ಅವಳ ಗಂಡನಿಗೆ ಸ್ವಲ್ಪ ಬೇಸರವಾಯಿತಂತೆ, ಆಗಲಿ.

ಇಷ್ಟು ಕೇಳಿದ ಮೇಲೆ ಬಂದವರೆಲ್ಲ ಶತ್ರುಗಳೇ ಎಂದು ಭಾವಿಸಿದರೆ ಅದು ಅನ್ಯಾಯ. ಹೆಚ್ಚಿನವರು ಉಪಕಾರಿಗಳು. ಗಾಜಿನ ಮೇಲೆ ಧೂಳಿನ ಕಣಗಳಂತೆ ಕುಪ್ಪಳಿಸುವ ಸಣ್ಣ ಕಠಿಣಚರ್ಮಿಗಳು ಮೀನಿಗೆ ಆಹಾರ. ನೀರಿನ ಕಸವನ್ನು ಸೋಸಿ ತಿನ್ನುವ ಗರಿಹುಳುಗಳೂ ಸ್ಪಂಜುಗಳೂ ಸಂದಿಯಲ್ಲಿ ಬಿದ್ದುದನ್ನು ಹೆಕ್ಕುವ ಹಾವುನಕ್ಷತ್ರಗಳೂ ನಿರುಪದ್ರವಿಗಳು. ಆದರೂ ಹೊಸ ಹವ್ಯಾಸಿಯನ್ನು ಅತಿಯಾಗಿ ಹೆದರಿಸುವುದು ಅವುಗಳಲ್ಲೇ ಒಬ್ಬ ಬಡಪಾಯಿ: ಮುಳ್ಳುಹುಳ. ಕಂಬಳಿಹುಳುವಿನಂತೆ ಇಬ್ಬದಿಯಲ್ಲಿಯೂ ಬಿಳಿಯ ಕೂದಲು. ರಾತ್ರಿ ಟಾರ್ಚ್ ಹಾಕಿದರೆ ಸರ್ರನೆ ಬಿಲಕ್ಕೆ ಜಾರುತ್ತದೆ. ಮುಟ್ಟಿದರೆ ಆ ಸುಣ್ಣದ ಕೂದಲು ಚರ್ಮಕ್ಕೆ ಚುಚ್ಚಿ ಮುರಿದು ಉರಿ ಹತ್ತುತ್ತದೆ; ಅಂಟುಪಟ್ಟಿಯನ್ನು ಒತ್ತಿ ಎಳೆದರೆ ಹೊರಬರುತ್ತದೆ. ಅಷ್ಟು ಬಿಟ್ಟರೆ ಅದು ಸತ್ತುದನ್ನು, ಕೊಳೆತುದನ್ನು ತಿಂದು ತೊಟ್ಟಿಯನ್ನು ಗುಡಿಸುವ ಜೀವಿ. ಬೆಳಗ್ಗೆ ಸತ್ತ ಮೀನಿನ ಸುತ್ತ ಹತ್ತು ಹುಳುಗಳನ್ನು ಕಂಡು, ಅವೇ ಕೊಂದವೆಂದು ತೀರ್ಪು ಕೊಡುವವರಿದ್ದಾರೆ. ಶವದ ಬಳಿ ನೆರೆದವರೆಲ್ಲ ಕೊಲೆಗಾರರಾದರೆ ಊರಿನಲ್ಲಿ ಉಳಿಯುವವರಾರು! ಹುಳುಗಳು ವಿಪರೀತ ಹೆಚ್ಚಿದುವೆಂದರೆ ಮೀನಿಗೆ ಹಾಕುವ ಆಹಾರ ಹೆಚ್ಚಾಯಿತೆಂದೇ ಅರ್ಥ. ಆಹಾರವನ್ನು ಕಡಿಮೆ ಮಾಡಿದರೆ ಹುಳುಗಳೂ ತಾವಾಗಿ ಕಡಿಮೆಯಾಗುತ್ತವೆ.

ಹುಳುಗಳಲ್ಲಿ ನಿಜವಾದ ದರೋಡೆಕೋರನೂ ಒಬ್ಬನಿದ್ದಾನೆ. ಯೂನಿಸ್ ಅಫ್ರೊಡಿಟಾಯಿಸ್ ಎಂದು ಅವನ ಶಾಸ್ತ್ರೀಯ ನಾಮ. ಬಾಬಿಟ್ ಹುಳ ಎಂದು ಬಳಕೆಯ ಹೆಸರು. ತಲೆಯಲ್ಲಿ ಐದು ಸ್ಪರ್ಶತಂತುಗಳು, ಕಾಮನಬಿಲ್ಲಿನಂತೆ ಹೊಳೆಯುವ ಮೈ, ಕತ್ತರಿಯಂತಹ ದವಡೆ. ಇಂಗ್ಲೆಂಡಿನ ನ್ಯೂಕ್ವೇ ಪಟ್ಟಣದ ಬ್ಲೂ ರೀಫ್ ಅಕ್ವೇರಿಯಂನಲ್ಲಿ 2009ರಲ್ಲಿ ಹವಳಗಳು ರಾತ್ರಿ ತುಂಡಾಗತೊಡಗಿದುವು, ಮೀನೊಂದಕ್ಕೆ ಗಾಯವಾಯಿತು. ಮಾಡಿದವರು ಯಾರೆಂದು ತಿಳಿಯಲಿಲ್ಲ. ಸಿಬ್ಬಂದಿ ಗಾಳಕ್ಕೆ ಆಹಾರ ಸಿಕ್ಕಿಸಿಟ್ಟರು, ಅದೂ ಮಾಯವಾಯಿತು. ಕೊನೆಗೆ ಕಲ್ಲುಗಳನ್ನೆಲ್ಲ ಒಂದೊಂದಾಗಿ ಕಿತ್ತು ನೋಡಿದಾಗ ಸಿಕ್ಕಿದುದು ಸುಮಾರು ನಾಲ್ಕಡಿ ಉದ್ದದ ಬಾಬಿಟ್ ಹುಳ. ಎಳೆಯದಾಗಿ ಕಲ್ಲಿನೊಳಗೆ ಅಡಗಿ ಬಂದು ಅಲ್ಲಿಯೇ ಬೆಳೆದಿರಬೇಕು. ಅದನ್ನು ಕೊಲ್ಲದೆ ಬೇರೊಂದು ತೊಟ್ಟಿಯಲ್ಲಿ ಇರಿಸಿ, ಬ್ಯಾರಿ ಎಂದು ಹೆಸರಿಟ್ಟರು. ಅದೇ ವರ್ಷ ಜಪಾನಿನ ಶಿರಹಾಮ ಎಂಬಲ್ಲಿ ಬಂದರಿನ ತೆಪ್ಪವೊಂದರ ತೇಲುಬುಂಡೆಯೊಳಗೆ ಸಿಕ್ಕಿದ ಇನ್ನೊಂದು ಹುಳದ ಉದ್ದ 299 ಸೆಂಟಿಮೀಟರ್! ಮೈಯನ್ನು ಎಳೆದು ತುಂಡರಿಸಿದರೆ ಉಳಿದ ಭಾಗ ಮತ್ತೆ ಬೆಳೆಯಬಲ್ಲುದಾದ್ದರಿಂದ ಇವನನ್ನು ಹಿಡಿಯುವವರು ಕಲ್ಲನ್ನೇ ಬೇರ್ಪಡಿಸಬೇಕು.

ಕಣ್ಣಿಗೆ ಕಾಣದೆ ಕಿವಿಗೆ ಕೇಳುವ ಅತಿಥಿಗಳೂ ಇದ್ದಾರೆ. ರಾತ್ರಿ ಹಜಾರದಿಂದ 'ಟಕ್' ಎಂದು ಗಾಜಿಗೆ ಗೋಲಿ ಹೊಡೆದಂತೆ ಶಬ್ದ. ಇದು ಎರಡು ಜೀವಿಗಳಲ್ಲಿ ಒಂದರದು. ಒಂದು ಪಿಸ್ತೂಲು ಸಿಗಡಿ: ದೊಡ್ಡ ಚಿಮುಟವನ್ನು ಮುಚ್ಚುವ ವೇಗಕ್ಕೆ ನೀರಿನಲ್ಲಿ ಗುಳ್ಳೆಯೊಂದು ಉಂಟಾಗಿ ಕುಸಿದು ಶಬ್ದವಾಗುತ್ತದೆ. ಅದು ಗೋಬಿ ಎಂಬ ಪುಟ್ಟ ಮೀನಿನೊಂದಿಗೆ ಒಂದೇ ಬಿಲದಲ್ಲಿ ಬಾಳುವ ಸಾಧುಪ್ರಾಣಿ, ಇರಗೊಡಬಹುದು. ಇನ್ನೊಂದು ಮಿಡತೆ ಸಿಗಡಿ, ಇಂಗ್ಲಿಷಿನಲ್ಲಿ ಮ್ಯಾಂಟಿಸ್ ಶ್ರಿಂಪ್. ಇದರ ಬಂಧುಗಳು ನಮ್ಮ ಮಂಗಳೂರು ಕಡೆಯ ಟ್ರಾಲ್ ದೋಣಿಗಳ ಬಲೆಗೆ ರಾಶಿ ರಾಶಿಯಾಗಿ ಬೀಳುವುದನ್ನು ಬಂದರಿಗೆ ಹೋದವರು ಕಂಡಿರಬಹುದು. ಹವಳದ ದಿಬ್ಬದ ಜಾತಿಗಳಲ್ಲಿ ಕೆಲವು ಮುಂಗಾಲನ್ನು ಗದೆಯಂತೆ ಬೀಸಿ ಚಿಪ್ಪು ಒಡೆಯುತ್ತವೆ. ನವಿಲು ಬಣ್ಣದ ಜಾತಿಯೊಂದರ ಹೊಡೆತದ ವೇಗ ಸೆಕೆಂಡಿಗೆ 23 ಮೀಟರ್‌ವರೆಗೆ ಇರುವುದೆಂದು 2004ರಲ್ಲಿ ಅಳೆದು ತಿಳಿದರು. ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನಲ್ಲಿ 1998ರಲ್ಲಿ ಅಂತಹುದೊಂದು ತೊಟ್ಟಿಯ ಗಾಜನ್ನೇ ಒಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮೀನು, ಏಡಿ, ಶಂಖದ ಹುಳುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದು, ಒಡೆದ ಚಿಪ್ಪುಗಳು ಬಿಲದ ಬಾಗಿಲಲ್ಲಿ ಬಿದ್ದಿದ್ದರೆ ಸಂಶಯ ಬೇಡ. ಬರೇ ಶಬ್ದ ಕೇಳಿತೆಂದು ಕಲ್ಲು ಕೀಳಲು ಹೊರಡಬಾರದು.

ಹಿಡಿಯುವುದೆಂತು? ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದು ಎರಡು ರಾತ್ರಿ ತಾಳ್ಮೆಯಿಂದ ನೋಡಿದರೆ ಬಿಲ ಯಾವುದೆಂದು ತಿಳಿಯುತ್ತದೆ. ಕೆಂಪು ಬೆಳಕು ಇಂತಹ ಪ್ರಾಣಿಗಳನ್ನು ಅಷ್ಟಾಗಿ ಬೆದರಿಸದು. ಆ ಕಲ್ಲನ್ನು ಹೊರಗೆ ತೆಗೆದು ಬಕೆಟಿನ ಮೇಲೆ ಹಿಡಿದು ತೂತಿಗೆ ಸೋಡಾ ಚುಚ್ಚಬೇಕು. ನಾವು ಕುಡಿಯುವ ಸಾದಾ ಸೋಡಾವೇ ಸಾಕು. ಸಿರಿಂಜಿನಿಂದ ಒಂದಿಷ್ಟು ಒಳಗೆ ಬಿಟ್ಟರೆ ಉಸಿರುಗಟ್ಟಿದ ಪ್ರಾಣಿ ತಾನಾಗಿ ಹೊರಬೀಳುತ್ತದೆ. ಏಡಿಗಳಿಗೆ ಇನ್ನೂ ಸುಲಭ: ಗಾಜಿನ ಲೋಟವನ್ನು ಕಲ್ಲಿಗೆ ಓರೆಯಾಗಿ ಆನಿಸಿ, ತಳದಲ್ಲಿ ಸಿಗಡಿಯ ತುಂಡು ಇಟ್ಟರೆ ರಾತ್ರಿ ಇಳಿದ ಏಡಿಗೆ ನುಣುಪಾದ ಗೋಡೆಯನ್ನು ಹತ್ತಿ ಬರಲಾಗದು. ಮೈಯೆಲ್ಲ ರೋಮವಿದ್ದು ಚಿಮುಟದ ತುದಿ ಕಪ್ಪಗಿದ್ದರೆ ಸಾಮಾನ್ಯವಾಗಿ ಅದು ಹವಳಕ್ಕೂ ಮೀನಿಗೂ ಕೈಹಾಕುವ ಜಾತಿ. ಕವಲು ಹವಳದ ನಡುವೆ ವಾಸಿಸುವ ನುಣುಪು ಮೈಯ ಟ್ರಪೀಜಿಯ ಏಡಿ ಮಾತ್ರ ಹವಳದ ಕಾವಲುಗಾರ. ಹವಳ ತಿನ್ನಲು ಬರುವ ನಕ್ಷತ್ರಮೀನನ್ನು ಚಿವುಟಿ ಓಡಿಸುತ್ತದೆ. ಅದನ್ನು ಹಿಡಿದು ಎಸೆದವನು ತನ್ನ ಮನೆಯ ನಾಯಿಯನ್ನು ಓಡಿಸಿದಂತೆ.

ಎಲ್ಲರನ್ನೂ ಹೆಚ್ಚು ಕಾಡುವುದು ಐಪ್ಟೇಷಿಯ ಎಂಬ ಗಾಜುಹೂವು. ಕಂದು ಛಾಯೆಯ, ಪಾರದರ್ಶಕ ಎಸಳುಗಳ ಸಣ್ಣ ಕಡಲಹೂವು ಅದು, ಹೂವಲ್ಲ, ಪ್ರಾಣಿ. ನೆರೆಯ ಹವಳಗಳನ್ನು ಕುಟುಕಿ ಜಾಗ ಹಿಡಿಯುತ್ತದೆ. ಚಾಕುವಿನಿಂದ ಕೆರೆದರೆ ಮುಗಿಯಿತು, ಕಲ್ಲಿಗೆ ಅಂಟಿ ಉಳಿದ ಚೂರು ಚೂರೂ ಒಂದೊಂದು ಹೊಸ ಹೂವಾಗುತ್ತದೆ. ಇದಕ್ಕೆ ಮದ್ದು ನಮ್ಮ ಅಜ್ಜಿಯರ ಹರಿವಾಣದಲ್ಲಿದ್ದ ಸುಣ್ಣ. ಬೆರಕೆಯಿಲ್ಲದ ಅರಳಿದ ಸುಣ್ಣವನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ನೀರಿನ ಪಂಪನ್ನು ಕಾಲು ಗಂಟೆ ನಿಲ್ಲಿಸಿ, ಸಿರಿಂಜಿನಿಂದ ಅದರ ಬಾಯಿಯನ್ನು ಮುಚ್ಚುವಂತೆ ಮೆಲ್ಲನೆ ಬಿಡಬೇಕು. ಹೂವು ಆಹಾರವೆಂದು ನುಂಗಿ ಒಳಗಿನಿಂದ ಸುಟ್ಟುಹೋಗುತ್ತದೆ. ಒಂದು ದಿನ ನಾಲ್ಕೈದಕ್ಕಿಂತ ಹೆಚ್ಚು ಬೇಡ, ಸುಣ್ಣ ಹೆಚ್ಚಾದರೆ ನೀರಿನ ಕ್ಷಾರಗುಣ ಏರಿ ಮೀನುಗಳೇ ಸಾಯುತ್ತವೆ. ಬರ್ಗಿಯ ಎಂಬ ಬೆರಳುಗುರಿನಷ್ಟು ದೊಡ್ಡ ಕಡಲಗೊಂಡೆಹುಳ ಈ ಗಾಜುಹೂವನ್ನಲ್ಲದೆ ಬೇರೇನನ್ನೂ ತಿನ್ನದು. ನೂರಾರು ಹೂವುಗಳಿದ್ದಲ್ಲಿ ಅದನ್ನು ಬಿಡುವವರಿದ್ದಾರೆ. ತಾಮ್ರ ಬೆರೆತ ಮೀನಿನ ಔಷಧಿಯನ್ನು ಮಾತ್ರ ಯಾವ ಕಾರಣಕ್ಕೂ ಸುರಿಯಬಾರದು. ಗಾಜುಹೂವಿನೊಂದಿಗೆ ಹವಳ, ಸಿಗಡಿ, ಶಂಖ ಎಲ್ಲವೂ ಸಾಯುವುವು.

ಹೊಸ ಕಲ್ಲನ್ನು ನೇರವಾಗಿ ತೊಟ್ಟಿಗಿಳಿಸದೆ ನಾಲ್ಕರಿಂದ ಆರು ವಾರ ಬೇರೊಂದು ಪಾತ್ರೆಯಲ್ಲಿ ಇರಿಸಿ ನೋಡಿದರೆ ಈ ಪಡಿಪಾಟಲಿನಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಒಣಕಲ್ಲಿನಿಂದಲೇ ಆರಂಭಿಸಿ, ಬ್ಯಾಕ್ಟೀರಿಯಾವನ್ನು ಮಾತ್ರ ಅದರ ಮೇಲೆ ಬೆಳೆಸುವ ಪದ್ಧತಿಯೂ ಈಗ ಬಳಕೆಗೆ ಬಂದಿದೆ. ತಾಳ್ಮೆ ತಿಂಗಳುಗಟ್ಟಲೆ ಬೇಕು, ಆದರೆ ಸಮುದ್ರದ ದಿಬ್ಬವನ್ನು ಒಡೆಯಬೇಕಾದುದಿಲ್ಲ. ನಮ್ಮ ದೇಶದಲ್ಲಂತೂ ಕಲ್ಲುಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಲಕ್ಷದ್ವೀಪಕ್ಕೋ ಮುರ್ಡೇಶ್ವರದ ನೇತ್ರಾಣಿಗೋ ಹೋದವರು ಹವಳದ ಚೂರೊಂದನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡರೂ ಅಪರಾಧವೇ. ಮಕ್ಕಳಿಗೆ ಇದನ್ನು ಪ್ರವಾಸಕ್ಕೆ ಮೊದಲೇ ಹೇಳಿಕೊಡುವುದು ಲೇಸು.

ಉಳಿದುದು ಒಂದೇ ಪ್ರಶ್ನೆ: ಹಿಡಿದ ಅತಿಥಿಯನ್ನು ಎಲ್ಲಿ ಬಿಡುವುದು? 'ಕಡಲಿನಿಂದ ಬಂದುದು, ಕಡಲಿಗೇ ಹೋಗಲಿ' ಎಂದು ಮೃದು ಮನಸ್ಸಿನವರು ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಕಲ್ಲಿಗೆ ಅಂಟಿ ಬರುವ ಹಸುರು ಪಾಚಿಗಳಲ್ಲಿ ಕಾಲರ್ಪ ಕುಲದವು ಹಲವು. ಅದರಲ್ಲಿ ಒಂದು, ತೊಟ್ಟಿಗಳಲ್ಲಿ ಸಾಕಿದ ತಳಿ, 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಒಂದು ಚದರ ಮೀಟರಿನಷ್ಟು ಕಂಡಿತು. ಅಲ್ಲಿಂದ ಅದು ಫ್ರಾನ್ಸ್, ಇಟಲಿ, ಸ್ಪೇನ್, ಕ್ರೊಯೇಷಿಯಗಳ ಕರಾವಳಿಗೆ ಹಬ್ಬಿ, ಮೀನು ಮರಿಮಾಡುವ ಕಡಲಹುಲ್ಲಿನ ಬಯಲನ್ನು ಮುಚ್ಚಿತು. ಕ್ಯಾಲಿಫೋರ್ನಿಯದ ಅಗ್ವಾ ಹೆಡಿಯೊಂಡ ಎಂಬ ಹಿನ್ನೀರಿನಲ್ಲಿ 2000ದಲ್ಲಿ ಅದೇ ಪಾಚಿ ಕಂಡಾಗ ಅಲ್ಲಿನವರು ತಡಮಾಡದೆ ಟಾರ್ಪಾಲು ಹೊದಿಸಿ, ಅಡಿಗೆ ಕ್ಲೋರಿನ್ ಬಿಟ್ಟು ಕೊಂದರು. ನಿರ್ಮೂಲವಾಯಿತೆಂದು ಸಾರಲು 2006 ಆಯಿತು. ತಗಲಿದ ವೆಚ್ಚ ಸುಮಾರು 70 ಲಕ್ಷ ಡಾಲರ್.

ಇದು ದೂರದ ಕಥೆಯಲ್ಲ. ದಕ್ಷಿಣ ಅಮೆರಿಕದ ಕರಾವಳಿಯ ಚಾರು ಎಂಬ ಕಲ್ಲುಮ್ಮಕ್ಕಾಯಿ ಈಚಿನ ವರ್ಷಗಳಲ್ಲಿ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ತುಂಬಿಕೊಂಡು ಅಲ್ಲಿಯ ಚಿಪ್ಪುಜೀವಿಗಳ ಜಾಗವನ್ನು ಕಿತ್ತುಕೊಳ್ಳುತ್ತಿದೆ. ಅದು ಬಂದುದು ತೊಟ್ಟಿಯಿಂದಲ್ಲ, ಹಡಗುಗಳ ಮೂಲಕವೆಂದು ತಿಳಿದವರು ಹೇಳುತ್ತಾರೆ. ಆದರೆ ಬಂದ ರೀತಿ ಒಂದೇ, ಯಾವುದಕ್ಕೋ ಅಂಟಿಕೊಂಡು. ನಮ್ಮ ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆಗಳಲ್ಲಿ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯಿ ಕೃಷಿಯಿಂದ ಬದುಕುವ ಮನೆಗಳು ಎಷ್ಟಿಲ್ಲ!

ಆದುದರಿಂದ ತೊಟ್ಟಿಯಿಂದ ತೆಗೆದ ಪಾಚಿಯನ್ನೂ ಪ್ರಾಣಿಯನ್ನೂ ಕಡಲಿಗಾಗಲಿ ಹೊಳೆಗಾಗಲಿ ಬಿಡಕೂಡದು. ಬೇಕಾದವರಿದ್ದರೆ ಬೇರೆ ತೊಟ್ಟಿಗೆ ಕೊಡಬಹುದು. ಮಿಡತೆ ಸಿಗಡಿಯನ್ನು ಒಂಟಿಯಾಗಿ ಸಾಕಲು ಹಾತೊರೆಯುವ ಹವ್ಯಾಸಿಗಳು ಅನೇಕರಿದ್ದಾರೆ. ಇಲ್ಲವಾದರೆ ಚೀಲದಲ್ಲಿ ಕಟ್ಟಿ ಒಂದು ದಿನ ಶೀತಪೆಟ್ಟಿಗೆಯ ಹಿಮಖಾನೆಯಲ್ಲಿರಿಸಿ, ಮರುದಿನ ಒಣಕಸದೊಂದಿಗೆ ಹಾಕತಕ್ಕದ್ದು. ಕಲ್ಲು ಇರಿಸಿದ್ದ ಪಾತ್ರೆಯ ನೀರಿಗೆ ಬ್ಲೀಚು ಬೆರೆಸಿ ಒಂದು ರಾತ್ರಿ ಕಳೆದ ಮೇಲೆ ಮನೆಯ ಒಳಚರಂಡಿಗೆ ಚೆಲ್ಲಬೇಕು. ಮಳೆನೀರು ಹರಿಯುವ ತೋಡಿಗೆ ಬೇಡ. ನಮ್ಮ ಊರುಗಳಲ್ಲಿ ತೋಡುಗಳೆಲ್ಲ ಕಡಲಿಗೇ ಸೇರುವುವು.